ಉಡುಪು ಖಾತೆಯ ಟಗರು

ಮನುಷ್ಯ ಸೋಮವಾರ ತೊಟ್ಟ ಬಟ್ಟೆಯನ್ನೇ ರವಿವಾರವೂ ತೊಟ್ಟರೆ ಆಡಳಿತ ಸಾಗುವುದಿಲ್ಲವೆಂದು ನಮ್ಮ ಸಂಸ್ಥಾನವು ಪೂರ್ಣ ವಿಚಾರ ಮಾಡಿ ಗೊತ್ತುಪಡಿಸಿತು. ಅದಕ್ಕಾಗಿ ಉಡುಪು ಖಾತೆ ಹುಟ್ಟಿತು. ಖಾತೆಗೆ ಒಂದು ಕಚೇರಿ, ಕಚೇರಿಗೆ ಒಂದು ಅಂಗಳ, ಅಂಗಳಕ್ಕೆ ಒಂದು ಬೇವಿನ ಗಿಡ ಮಂಜೂರಾದವು. ಡಂಗುರ ಹೀಗೆ ಬಿತ್ತು: ಕೆಲಸದ ದಿನಗಳಲ್ಲಿ ಕಚೇರಿಯ ಅಂಗಳಕ್ಕೆ ಕಾಲಿಡುವ ಪ್ರತಿ ಜೀವವೂ ಗುಂಡಿ ಹಾಕಿದ ಕೋಟು ಮತ್ತು ರುಮಾಲು ಧರಿಸತಕ್ಕದ್ದು. ರವಿವಾರ ಜರಿ ಅಂಚಿನ ಧೋತರ ಉಟ್ಟು ಹಾಯಾಗಿ ಕಾಣತಕ್ಕದ್ದು. ಹಾಯಾಗಿ ಕಾಣದವರ ಮೇಲೆ ಕ್ರಮ ಜರುಗಿಸಲಾಗುವುದು. ಉಣ್ಣೆಯ ಹೊದಿಕೆಗೆ ಯಾವ ವಾರವೂ ಪರವಾನಗಿ ಇಲ್ಲ.

ತುಬಚಿಯ ಕುರಿಗಾರ ಸಿದರಾಯನ ಹತ್ತಿರ ಇದ್ದದ್ದು ಒಂದೇ ಕಂಬಳಿ. ಬಿಸಿಲಿಗೆ ಅದೇ, ಮಳೆಗೆ ಅದೇ, ಝಾಡಿಸಿ ಹೊದ್ದರೆ ಬೀಗರ ಮನೆಗೂ ಅದೇ. ಹೊಳೆದಂಡೆಯ ಹುಲ್ಲು ಒಣಗುವ ಮೊದಲು ಅವನು ಹಿಂಡನ್ನು ಅಲ್ಲಿಗೆ ಮುಟ್ಟಿಸಬೇಕಾಗಿತ್ತು, ಇಲ್ಲವಾದರೆ ಕುರಿಗಳು ಉಳಿಯುತ್ತಿರಲಿಲ್ಲ. ದಾರಿಯಲ್ಲಿ ಹಿಂಡಿನ ಮುಂದಾಳು ಟಗರು ಬೇವಿನ ತೊಪ್ಪಲು ಕಂಡು ಕಚೇರಿಯ ಅಂಗಳ ಹೊಕ್ಕಿತು. ಅಂದು ಸೋಮವಾರ. ಟಗರಿನದು ಪೂರ್ತಿ ಉಣ್ಣೆಯ ಉಡುಪು, ತಲೆಗೆ ರುಮಾಲಿಲ್ಲ.

ಹೆಡ್ ಕಾರಕೂನ ಗಂಗಾರಾಮಪಂತರು ಅದನ್ನು ಗಿಡಕ್ಕೆ ಕಟ್ಟಿಸಿದರು. ಬಿಡಿಸಿಕೊಳ್ಳಲು ಬಂದ ಸಿದರಾಯನ ಕಂಬಳಿಯನ್ನೂ ಜಪ್ತಿ ಮಾಡಿದರು.

“ಸಾಹೇಬ್ರ, ಅದು ಹೊತ್ಗೊಂಡಿದ್ದಲ್ರೀ, ಅದರ ಮೈನ ಅದು.”

“ಎಲ್ಲಾರೂ ಹಂಗ ಅಂತಾರ” ಎಂದರು ಪಂತರು. “ನಿಯಮದಾಗ ಮೈ ಅಂತ ಕಲಮಿಲ್ಲ.”

ಆ ಹಿಂಡು ಹೋಗುತ್ತಿದ್ದದ್ದು ಎರಡರ ಬೆನ್ನಿಗೆ ಮಾತ್ರ: ತನ್ನ ಟಗರು, ಇಲ್ಲವೇ ತನ್ನ ಕಂಬಳಿಯ ವಾಸನೆ. ಎರಡೂ ಜಪ್ತಿಯಾದ್ದರಿಂದ ಕುರಿಗಳು ಕಚೇರಿಯ ಮುಂದೆ ರಸ್ತೆಯಲ್ಲೇ ಮಲಗಿದವು.

ಸರಿಯಾದ ಉಡುಪಿನಲ್ಲಿ ಹಾಜರಾದರೆ ಆರೋಪಿಯನ್ನು ಬಿಡಬಹುದೆಂದು ಪಂತರು ದಾರಿ ತೋರಿಸಿದರು. ಸಿದರಾಯನ ಹೆಂಡತಿ ಹಣಮವ್ವ ರಬಕವಿಯ ಪಟ್ಟೆ ಬಟ್ಟೆ ತಂದು, ಟಗರಿಗೆ ಕೋಟು ಹೊಲಿಯಲು ಶಿಂಪಿಗ ರಾಚಪ್ಪನ ಮುಂದೆ ಇಟ್ಟಳು. ತೋಳು ಎರಡೋ ನಾಲ್ಕೋ ಎಂಬ ಪ್ರಶ್ನೆ ಎದ್ದಿತು. ಹಿಂದಿನ ಎರಡು ಕಾಲು ಖಾಸಗಿ ಎಂದು ಖಾತೆ ತೀರ್ಪು ಕೊಟ್ಟಿತು. ಕೂಸಿಗೆ ಅಂಗಿ ತೊಡಿಸಿದವರಿಗೆಲ್ಲ ಗೊತ್ತು, ಬಾಯಿಗೆ ಏನಾದರೂ ಕೊಟ್ಟು ಅಗಿಯುವುದರೊಳಗೆ ತೋಳು ಏರಿಸಬೇಕು. ಹಣಮವ್ವ ರೊಟ್ಟಿ ಕೊಟ್ಟು ಏರಿಸಿದಳು. ರುಮಾಲು ಕೊಂಬುಗಳ ನಡುವೆ ಎಷ್ಟು ಬಿಗಿಯಾಗಿ ಕೂತಿತೆಂದರೆ, ಪಂತರು ತಮ್ಮದನ್ನು ಎರಡು ಸಲ ಮುಟ್ಟಿ ನೋಡಿಕೊಂಡರು.

ತಪಾಸಣೆಯಲ್ಲಿ ಟಗರಿನ ಮೇಲೆ ಒಂದು ದೋಷವೂ ಸಿಗಲಿಲ್ಲ. ತೊಡಕು ಹುಟ್ಟಿದ್ದು ಅಲ್ಲಿಯೇ. ಪೂರ್ಣ ಉಡುಪಿನಲ್ಲಿ ಕಚೇರಿಯೊಳಗೆ ಇರುವವನು ನೌಕರ. ನೌಕರ ರಜೆ ಇಲ್ಲದೆ ಹೊರಗೆ ಹೋಗುವಂತಿಲ್ಲ. ರಜೆ ಕೊಡಬೇಕಾದ ಪಂತರ ಕೋಟಿಗೆ ಒಂದು ಗುಂಡಿ ಇರಲಿಲ್ಲ. ಉಡುಪಿನಲ್ಲಿ ಮೇಲಿನವನಿಗೆ ಕೆಳಗಿನವನು ರಜೆ ಕೊಡುವುದು ಹೇಗೆ? ಪಂತರು ಎದ್ದು ಗಾದಿ ಬಿಟ್ಟುಕೊಟ್ಟರು. ಟಗರು ಹತ್ತಿ ಕೂತಿತು. ಅಂದಿನಿಂದ ಮುಂದೆ ಇಟ್ಟ ಅರ್ಜಿಗಳನ್ನೆಲ್ಲ ಅದು ತಿಂದುಬಿಡುತ್ತಿದ್ದುದರಿಂದ ಖಾತೆಯಲ್ಲಿ ಬಾಕಿ ಎಂಬುದೇ ಉಳಿಯಲಿಲ್ಲ. ಹೊಸ ಸಾಹೇಬರು ಲಂಚ ಕೇಳುವುದಿಲ್ಲ, ಸೊಪ್ಪು ಸಾಕು ಎಂದು ಬೀಳಗಿಯವರೆಗೆ ಹೆಸರಾಯಿತು.

ಹಣಮವ್ವ ಮಾತ್ರ ಬಾಗಿಲು ಬಿಡಲಿಲ್ಲ.

“ಕೋಟ ಇಲ್ದ ಒಳಗ ಬಂದದ್ದು ತಪ್ಪು, ಕೋಟ ಹಾಕ್ಕೊಂಡು ಹೊರಗ ಹ್ವಾದ್ರೂ ತಪ್ಪು. ಆತು, ನಿಮ್ಮ ಸಾಹೇಬ್ರು ನಿಮಗಿರ್ಲಿ. ನನ್ನ ಕುರಿ ಹೊಳಿಗೆ ಯಾರು ಒಯ್ಯಾವ್ರೀ?”

ವಿಚಾರ ಮಾಡಿ ಹೇಳುವುದಾಗಿ ಪಂತರು ತಿಳಿಸಿದರು. ಅವರಿಗೆ ಅದಕ್ಕಿಂತ ಜರೂರಾದ ಕೆಲಸವಿತ್ತು. ಗುಂಡಿಯಿಲ್ಲದ ಕೋಟಿನಲ್ಲಿ ಸಾಹೇಬರ ಮುಂದೆ ನಿಲ್ಲುವಂತಿರಲಿಲ್ಲ. ಆದ್ದರಿಂದ ಅದನ್ನು ಮುಚ್ಚಲು ಜಪ್ತಿಯ ಕಂಬಳಿಯನ್ನು ತಾತ್ಕಾಲಿಕವಾಗಿ ಹೊದ್ದು, ರಾಚಪ್ಪನ ಹತ್ತಿರ ಗುಂಡಿ ಹಚ್ಚಿಸಲು ರಸ್ತೆಗೆ ಇಳಿದರು.

ಮಲಗಿದ್ದ ಕುರಿಗಳು ಮೂಗೆತ್ತಿದವು, ಆಮೇಲೆ ಎದ್ದವು. ಪಂತರು ಅವಸರದಿಂದ ನಡೆದರು, ಹಿಂಡೂ ಅವಸರದಿಂದ ನಡೆಯಿತು. ಪಂತರು ಓಡಿದರು.

“ಸಾಹೇಬ್ರ, ಬಲಕ್ಕ ಹೊಳ್ರೀ, ಹುಲ್ಲು ಆ ಕಡೆ ಐತಿ” ಎಂದಳು ಹಣಮವ್ವ. ಪಂತರು ಬಲಕ್ಕೆ ಹೊರಳಿದರು. ಸಿದರಾಯ ಎಂದಿನಂತೆ ಕೋಲು ಹಿಡಿದು ಹಿಂದೆ ನಡೆದ.

ಹಿಂಡು ಹೊಳೆ ಮುಟ್ಟಿತು. ಪಂತರು ಕಂಬಳಿ ತೆಗೆದಾಗಲೆಲ್ಲ ಕುರಿಗಳು ಮೇಯುವುದನ್ನು ನಿಲ್ಲಿಸಿ ಒದರುತ್ತಿದ್ದುದರಿಂದ ಅವರು ತೆಗೆಯುವುದನ್ನು ಬಿಟ್ಟರು. ಮುಂದಿನ ರವಿವಾರ ಅವರ ಹೆಂಡತಿ ಶೇವಂತಿಬಾಯಿ ಇಸ್ತ್ರಿ ಮಾಡಿದ ಜರಿ ಧೋತರ ಹಿಡಿದುಕೊಂಡು ಚಕ್ಕಡಿಯಲ್ಲಿ ಬಂದರು. ಪಂತರು ಮೊಳಕಾಲೂರಿ, ಆಗಷ್ಟೇ ಮರಿ ಹಾಕಿದ ಕುರಿಯ ಹತ್ತಿರ ಕೂತಿದ್ದರು.

“ಮನಿಗೆ ಯಾವಾಗ ಬರ್ತೀರಿ? ಕಚೇರಿಗೆ ಏನಂತ ಹೇಳ್ಲಿ?”

“ಅಲ್ಲಿ ಸಾಹೇಬ್ರು ಅದಾರಲ್ಲ, ನಂದೇನು ಕೆಲಸ” ಎಂದರು ಪಂತರು, ತಲೆ ಎತ್ತದೆ. “ಆ ಧೋತರ ಇತ್ತ ಕೊಡು. ಮರಿ ಥಂಡಿಗೆ ನಡಗಾಕತ್ತೈತಿ.”