ಬೀಗರ ಅಂಗಳದಲ್ಲಿ ಪೆಟ್ರೋಲ್ ಫಿಲ್ಟರ್

ನನ್ನ ತಮ್ಮನ ಬೈಕ್ ಹತ್ತುವವರು ಮಾನ ಮರ್ಯಾದೆಯನ್ನು ಮನೆಯಲ್ಲೇ ಬಿಚ್ಚಿಟ್ಟು ಹೊರಡುವುದು ಒಳ್ಳೆಯದು. ದಾರಿಯಲ್ಲಿ ಹೇಗೂ ಹೋಗುತ್ತದೆ!

ಅವನ ಹುಚ್ಚು ಒಂದೇ: ಪೆಟ್ರೋಲ್ ಫಿಲ್ಟರ್. ಟ್ಯಾಂಕಿನಿಂದ ಇಳಿಯುವ ಪೆಟ್ರೋಲಿನ ಕಸ ಹಿಡಿಯುವ, ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಡಬ್ಬಿ. ಲೋಕದ ಜನ ಅದನ್ನು ಮೆಕ್ಯಾನಿಕ್ ಹೇಳಿದಾಗ ಬದಲಾಯಿಸುತ್ತಾರೆ. ಇವನು ನನ್ನನ್ನು ಕರೆದುಕೊಂಡು ಎಲ್ಲಿಗೇ ಹೋಗಲಿ, ಹೊತ್ತು ಇಳಿಯುತ್ತಿದ್ದ ಹಾಗೆ ನಿಂತಲ್ಲೇ ಕುಕ್ಕರಿಸಿ ಬದಲಾಯಿಸುತ್ತಾನೆ. ನಾನೋ ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಯಾವ ಕೆಲಸಕ್ಕೂ ಅದರದೇ ಹೊತ್ತು, ಅದರದೇ ಜಾಗ ಎಂದು ನಂಬಿದವಳು. ನನ್ನ ಬೆನ್ನಿಗೆ ಇಂಥವನು ಹುಟ್ಟಬೇಕೆ?

ಗುಮಟಾಪುರದ ನಂಟರ ಮನೆಯಲ್ಲಿ ಸಂಜೆ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಆರತಿ ಹೊತ್ತಿಗೆ ಇವನಿಲ್ಲ. ಹೊರಗೆ ಇಣುಕಿದರೆ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಬೈಕಿನ ಪೆಟ್ರೋಲ್ ಟ್ಯೂಬು ಎಳೆಯುತ್ತಿದ್ದಾನೆ! ಕರೆದೆ. ಅದೇ ಕೈಯಲ್ಲಿ ಬಂದು ಮಗುವಿನ ಕೆನ್ನೆ ಸವರಿದ. ಮಗು ಎರಡು ಸಲ ಸೀನಿ, ಆಮೇಲೆ ಕಿಟಾರನೆ ಕಿರುಚಿತು.

“ಸ್ಟಾರ್ಟ್ ಆಯ್ತು ಬುಡಿ!” ಎಂದ ಮಹಾರಾಯ.

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ದಾರಿಯಲ್ಲಿ ಕೇಳಿಯೇ ಬಿಟ್ಟೆ.

“ಯಾಕ್ಲಾ ಇಂಗೆ ಮಾನ ಕಳೀತಿ?”

“ಮಾನ ಓದ್ರೆ ನಾಳೆ ಬತ್ತದೆ ಕಣಕ್ಕ. ಗಾಡಿ ನಿಂತ್ರೆ ತಳ್ಳೋರ್ಯಾರು?”

ಇಂಥವನನ್ನೇ ಕಟ್ಟಿಕೊಂಡು ಕಾಡಂಚಿನ ದಾರಿಯಲ್ಲಿ ದೊಡ್ಡಗಾಜನೂರಿಗೆ ಹೋಗಬೇಕಾಯಿತು. ನನ್ನ ಮಗಳಿಗೆ ಅಲ್ಲಿಯ ಹುಡುಗ ಒಪ್ಪಿಗೆಯಾಗಿದ್ದ. ತಂದೆಯಿಲ್ಲದ ಹುಡುಗಿ, ಮಾತು ಕೊಡಬೇಕಾದವನು ಸೋದರಮಾವ. ಈ ಸಂಬಂಧ ಕೈತಪ್ಪಿದರೆ ಮಗಳ ಮುಖ ಹೇಗೆ ನೋಡಲಿ? ಹೊರಡುವ ಮೊದಲೇ ಎಚ್ಚರಿಸಿದೆ.

“ಇವತ್ತು ಗಾಡಿ ಮುಟ್ಟಿದ್ರೆ ನನ್ನಾಣೆ ಕಣ್ಲಾ!”

“ಮುಟ್ದೆ ಓಡ್ಸಾದೆಂಗಕ್ಕ?”

ಹುಡುಗನ ತಾಯಿ ಥಳಥಳ ಬೆಳಗಿದ ಹಿತ್ತಾಳೆ ಲೋಟಗಳಲ್ಲಿ ಕಾಫಿ ಕೊಟ್ಟರು. ಮಾತು ಹದವಾಗಿ ಸಾಗಿ, ಇನ್ನು ತಾಂಬೂಲ ಬದಲಾಯಿಸುವುದೊಂದೇ ಬಾಕಿ. ಆಗ ನನ್ನ ತಮ್ಮ ಕಿಟಕಿಯಾಚೆ ಇಳಿಬಿಸಿಲು ನೋಡಿದ. ಕಣ್ಣು ಕೆಕ್ಕರಿಸಿದೆ, ಕೆಮ್ಮಿದೆ, ಕಾಲು ತುಳಿದೆ. ಎದ್ದೇ ಬಿಟ್ಟ! ಹೋದದ್ದು ಹೋದ, ಕುಡಿದಿಟ್ಟ ಲೋಟವನ್ನೂ ಒಯ್ದ!

ಮನೆಮಂದಿಯೆಲ್ಲ ಬಾಗಿಲಿಗೆ ಬಂದರು. ಅಂಗಳದಲ್ಲಿ, ಆ ಲೋಟದೊಳಕ್ಕೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಅವನಿಗೆ ನಾಚಿಕೆಯ ಸೋಂಕೂ ಇಲ್ಲ. ಅವನ ಪಾಲಿನದನ್ನೂ ನಾನೇ ಪಡುತ್ತಿದ್ದೆ. ಸಂಬಂಧ ಮುರಿಯಿತು ಎಂದುಕೊಂಡೆ.

ಹುಡುಗನ ತಾಯಿ ಅಂಗಳಕ್ಕಿಳಿದು ದಿಟ್ಟಿಸಿ ನೋಡಿದರು.

“ಅಳೇದ್ನ ಎಸೀದೆ ಜೋಬಿಗ್ಯಾಕಪ್ಪ ಆಕೊಂಡೆ?”

“ಇದು ನಂಗೆ ಕಣವ್ವ. ಮನೆಗೋದ್ಮೇಲೆ ಒಸದ ಬಿಚ್ಚಿಟ್ಟು ಇದ್ನೇ ಆಕತೀನಿ.”

“ಅದ್ಯಾಕೆ?”

“ಒಬ್ನೇ ಓಗುವಾಗ ಇದೇ ಸಾಕು. ಕತ್ಲಲ್ಲಿ ಆನೆ ಅಡ್ಡ ಬಂದು, ಗಾಡಿ ನಿಂತೋಯ್ತು ಅನ್ನಿ, ಅಲ್ಲೇ ಬುಟ್ಬುಟ್ಟು ಓಡೋಯ್ತೀನಿ. ನಮ್ಮಕ್ಕಂಗೆ ಮಂಡಿ ನೋವು. ಓಡಕ್ಕಾದದಾ?”

ಮಂಡಿ ನೋವಿನ ವಿಷಯ ನಾನು ಅವನಿಗೆ ಒಂದು ದಿನವೂ ಹೇಳಿದವಳಲ್ಲ. ಅಷ್ಟು ಹೊತ್ತು ಅವನಿಂದ ತಗ್ಗಿದ್ದ ನನ್ನ ತಲೆ, ಈಗ ನನ್ನಿಂದಲೇ ಇನ್ನಷ್ಟು ತಗ್ಗಿತು.

ಆ ತಾಯಿ ಜಗಲಿ ಪಕ್ಕ ನಿಂತಿದ್ದ ಮಗನ ಬೈಕಿನ ಕಡೆ ಕೈ ತೋರಿದರು.

“ಒಸದು ಇನ್ನೊಂದದಾ? ನಮ್ಮ ಐದನ ಗಾಡಿಗೂ ಆಕ್ಬುಡಪ್ಪ. ನಾಳಕ್ಕೆ ಇಂದ್ಗಡೆ ನಿಮ್ಮುಡ್ಗಿ ಕೂರ್ಬೇಕಲ್ಲ!”

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಲೋಟ ಹಿಡಿದು ಅವನ ಪಕ್ಕ ಕುಕ್ಕರಿಸಿದೆ.

“ಮಂಡಿ ಕಣಕ್ಕ!” ಎಂದು ಗದರಿದ.