ಲಾರಿ ಕಲಿತ ಲೈಬ್ರರಿಯವ

ಸ್ಟೀರಿಂಗ್ ಹಿಡಿದವನು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ದಾರಿಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿ, ಕೇಳದೆ ಲಾರಿ ಹತ್ತುತ್ತವೆ. ನಾನು ಹೆಚ್ಚು ಮಾತಿನವನಲ್ಲವಾದ್ದರಿಂದ ಇವನ್ನೆಲ್ಲ ಇಷ್ಟು ವರ್ಷ ನನ್ನಲ್ಲೇ ಇಟ್ಟುಕೊಂಡಿದ್ದೆ. ಕಲಿಯುವ ಕಾಲದ ಕೆಲವನ್ನು ಮಾತ್ರ ಇಲ್ಲಿ ಇಳಿಸುತ್ತೇನೆ.

ಕನ್ನಡಕ

ಎಪ್ಪತ್ತರ ದಶಕದ ಕೊನೆಯಲ್ಲಿ ಮೂಡಿಗೆರೆಯ ಒಂದು ಸಣ್ಣ ಖಾಸಗಿ ವಾಚನಾಲಯದಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದೆ. ಪುಸ್ತಕ ಹೆಚ್ಚು, ಓದುವವರು ಕಡಿಮೆ. ಹಾಗಾಗಿ ಮುಕ್ಕಾಲು ಪಾಲನ್ನು ನಾನೇ ಓದಿದೆ. ನಾನು ಓದಿ ಮುಗಿಸುವ ಹೊತ್ತಿಗೆ ವಾಚನಾಲಯವೂ ಮುಗಿಯಿತು. ಆ ಕಟ್ಟಡಕ್ಕೆ ಗೊಬ್ಬರದ ಅಂಗಡಿ ಬಂತು.

ಮೊದಲ ಲೋಡು ಗೊಬ್ಬರ ತಂದ ಲಾರಿಯ ಡ್ರೈವರು ವಯಸ್ಸಾದ ಸಾಬರು. ಊರಿನವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಕಪಾಟು ಖಾಲಿ ಮಾಡಿ ಬರಿಗೈಯಲ್ಲಿ ನಿಂತಿದ್ದ ನನ್ನನ್ನು ನೋಡಿ, "ಮನೆ ಕಡೆಗಾ? ಹತ್ತಿ" ಎಂದರು. ಲಾರಿಯ ಮುಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ದಿನಾ ನಡೆದು ಹೋಗುತ್ತಿದ್ದ ದಾರಿಯಲ್ಲಿ ಇಷ್ಟು ವರ್ಷ ಎಸ್ಟೇಟುಗಳ ಬೇಲಿಯನ್ನು ಮಾತ್ರ ನೋಡಿದ್ದೆ. ಅವತ್ತು ಬೇಲಿಯ ಆಚೆ ಇರುವುದೆಲ್ಲ ಕಂಡಿತು. ಮನೆ ಮುಟ್ಟುವುದರೊಳಗೆ ಲಾರಿ ಡ್ರೈವರ್ ಆಗುವುದೆಂದು ತೀರ್ಮಾನಿಸಿದ್ದೆ.

ಇಳಿಯುವಾಗ ಅದನ್ನು ಹೇಳಿಯೂ ಬಿಟ್ಟೆ. ಉಸ್ತಾದರು ನಗಲಿಲ್ಲ. ಕ್ಲಚ್ ಒತ್ತಿ ಒತ್ತಿ ಅವರ ಎಡ ಮಂಡಿ ಹೋಗಿತ್ತು. ಅಳಿಯನ ಟೈರ್ ಅಂಗಡಿಯಲ್ಲಿ ಕುರ್ಚಿಯೊಂದು ಅವರಿಗಾಗಿ ಕಾಯುತ್ತಿತ್ತು. ಆದರೆ ಬದಲಿ ಡ್ರೈವರ್ ಸಿಗುವ ತನಕ ಲಾರಿಯ ಸಾಹುಕಾರರು ಅವರನ್ನು ಬಿಡುವಂತಿರಲಿಲ್ಲ. ಮಾರನೆಯ ದಿನವೇ ನನ್ನನ್ನು ಸಾಹುಕಾರರ ಮುಂದೆ ನಿಲ್ಲಿಸಿದರು.

ಸಾಹುಕಾರರು ನನ್ನ ಮುಖ ನೋಡಿದರು. "ಕನ್ನಡಕ ಹಾಕ್ಕೊಂಡು ಲೆಕ್ಕ ಬರೆಯೋರನ್ನ ನೋಡಿದೀನಿ. ಲಾರಿ ಓಡಿಸೋರನ್ನ ನೋಡಿಲ್ಲ."

"ಇವರಿಗೆ ಹಾಕ್ಕೊಂಡ್ರೆ ಕಾಣ್ತದೆ ಸಾಹುಕಾರ್ರೇ. ನನಗೆ ಹಾಕ್ಕೊಳ್ಳದೇನೇ ಕಾಣ್ತದೆ ಅಂತ ನೀವು ಇಷ್ಟು ವರ್ಷ ನಂಬಿದ್ದೀರಲ್ಲ" ಎಂದರು ಉಸ್ತಾದರು.

ಸಾಹುಕಾರರು ಒಪ್ಪಿದರು. ಆದರೆ ಒಂದು ಷರತ್ತು: ಮಳೆ ಹಿಡಿಯುವುದರೊಳಗೆ ನಾನು ಲೋಡು ಲಾರಿಯನ್ನು ಚಾರ್ಮಾಡಿ ಘಾಟಿ ಇಳಿಸಬೇಕು. ಇಳಿಸಿದರೆ ಲಾರಿಯ ಕೀಲಿ ನನಗೆ, ಟೈರ್ ಅಂಗಡಿಯ ಕುರ್ಚಿ ಉಸ್ತಾದರಿಗೆ. ಇಲ್ಲವಾದರೆ ಘಾಟಿಯ ಕೆಳಗಿನಿಂದ ಬೇರೆ ಡ್ರೈವರನ್ನು ಕರೆಸುತ್ತಾರೆ. ಉಸ್ತಾದರಿಗೆ ಹೇಗೂ ಕುರ್ಚಿ ಸಿಕ್ಕೀತು. ನನಗೆ ಮಾತ್ರ ಹಿಂತಿರುಗಿ ಹೋಗಲು ವಾಚನಾಲಯವೂ ಇರಲಿಲ್ಲ.

ವಸ್ತಾರೆಯಿಂದ ಮಾವನವರು ಹೇಳಿಕಳಿಸಿದರು: "ನಾನು ಮಗಳನ್ನು ಕೊಟ್ಟದ್ದು ಲೈಬ್ರರಿಯವನಿಗೆ." ಹೆಂಡತಿ ರಾತ್ರಿ ಊಟಕ್ಕೆ ಬಡಿಸುವಾಗ ಬಾಯಿ ಬಿಟ್ಟಳು.

"ನಿಮ್ಮಿಷ್ಟ. ಒಂದೇ ಮಾತು. ಓಡಿಸೋವಾಗ ಪುಸ್ತಕ ತೊಡೆ ಮೇಲೆ ಇಟ್ಕೋಬೇಡಿ."

ಹಾರ್ನ್

ಕಲಿಸಲು ಉಸ್ತಾದರು ವಸ್ತಾರೆ ಹತ್ತಿರದ ಒಂದು ಎಸ್ಟೇಟಿನ ಒಳರಸ್ತೆ ಆರಿಸಿದರು. "ಇಲ್ಲಿ ಹೊಡೆದ್ರೂ ಕಾಫಿ ಗಿಡಕ್ಕೇ ಹೊಡೀತೀರಿ. ಅದು ಕಂಪ್ಲೇಂಟ್ ಕೊಡೋದಿಲ್ಲ" ಎಂದರು.

ಗೇರು, ಕ್ಲಚ್ಚುಗಳ ಭಯ ಬೇಗ ಹೋಯಿತು. ತಿರುವಿನ ಭಯ ಹೋಗಲಿಲ್ಲ. ತಿರುವಿನ ಆಚೆ ಏನಿದೆಯೋ ಕಾಣುವುದಿಲ್ಲ. ಕಾಣದ್ದೆಲ್ಲ ನನ್ನ ಕಡೆಗೇ ಬರುತ್ತಿದೆ ಎಂದು ನನ್ನ ಲೆಕ್ಕ. ಹಾಗಾಗಿ ಪ್ರತಿ ತಿರುವಿಗೂ ಉದ್ದಕ್ಕೆ ಹಾರ್ನ್ ಒತ್ತುತ್ತ ಹೋದೆ. ಎಸ್ಟೇಟಿನ ರಸ್ತೆಯಲ್ಲಿ ತಿರುವುಗಳಿಗೇನು ಬರ!

ಅದು ಕಾಫಿ ಹಣ್ಣು ಕುಯ್ಯುವ ಕಾಲ. ಆ ಎಸ್ಟೇಟಿನಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಹಣ್ಣು ಸಾಗಿಸುವ ಗಾಡಿ ಬಂದು ಉದ್ದಕ್ಕೆ ಹಾರ್ನ್ ಮಾಡುತ್ತದೆ. ಅದು ಕೇಳಿದರೆ ಅವತ್ತಿನ ಕುಯ್ಲು ಮುಗಿಯಿತೆಂದು ಅರ್ಥ. ಹೆಂಗಸರು ಚೀಲದ ಬಾಯಿ ಕಟ್ಟಿ, ಹೊತ್ತುಕೊಂಡು, ಅಳತೆಗೆ ಕಣಕ್ಕೆ ಬರುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಉಸ್ತಾದರಿಗೆ ಗೊತ್ತಿತ್ತು, ಆದರೆ ಅವರ ಗಮನವೆಲ್ಲ ನನ್ನ ಎಡಗಾಲಿನ ಮೇಲಿತ್ತು.

ಒಂದು ಸುತ್ತು ಹೊಡೆದು ಕಣದ ಹತ್ತಿರ ಬಂದರೆ ಅಲ್ಲಿ ಜಾತ್ರೆಯಷ್ಟು ಜನ. ಗಿಡಗಳ ನಡುವಿನಿಂದ ಹೆಂಗಸರು ತಲೆಯ ಮೇಲೆ ಚೀಲ ಹೊತ್ತು ಇನ್ನೂ ಬರುತ್ತಲೇ ಇದ್ದರು. ಚೀಲಗಳ ತಳದಲ್ಲಿ ಒಂದೊಂದು ಹಿಡಿ ಹಣ್ಣು.

ಲೆಕ್ಕ ಬರೆಯುವ ಎಸ್ಟೇಟ್ ರೈಟರು ಛತ್ರಿ ಬೀಸುತ್ತ ಓಡಿ ಬಂದರು. "ಯಾರ್ರೀ ಹಾರ್ನ್ ಹೊಡೆದಿದ್ದು? ಇನ್ನೂ ಬೆಳಗಿನ ಕಾಫಿ ಕುಡಿದು ಬಾಯಿ ಒರೆಸಿಲ್ಲ!"

ಗುಂಪಿನಲ್ಲಿ ಹಿರಿಯಳಾದ ಹೆಂಗಸೊಬ್ಬಳು ಚೀಲ ಇಳಿಸಿ ಅದರ ಮೇಲೇ ಕೂತಳು. "ಅದೆಲ್ಲ ನಮಗೆ ಗೊತ್ತಿಲ್ಲ ಸ್ವಾಮಿ. ಹಾರ್ನ್ ಆಯ್ತು, ಕೆಲಸ ಆಯ್ತು."

"ಅವರು ಕಲಿಯೋರು ಮಾರಾಯ್ತಿ! ಹೆದರಿ ಒತ್ತಿದ್ದಾರೆ."

"ಹೆದರಿ ಒತ್ತಿದ್ರೂ ಹಾರ್ನ್ ಹಾರ್ನೇ ಅಲ್ವಾ?"

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ರೈಟರು ಎಲ್ಲರಿಗೂ ಒಂದು ಚಹಾ ಹೆಚ್ಚಿಗೆ ಕೊಡಿಸಿ ಗಿಡಗಳ ಕಡೆ ಕಳಿಸಿದರು. ನನಗೆ ಹಾರ್ನ್ ಮುಟ್ಟಬಾರದೆಂದು ಅಪ್ಪಣೆಯಾಯಿತು. ಮುಂದೆ ತಿರುವು ಬಂದಾಗಲೆಲ್ಲ ಉಸ್ತಾದರೇ ಬಾಗಿಲಿನಿಂದ ತಲೆ ಹೊರಗೆ ಹಾಕಿ "ಹೋಯ್!" ಎಂದು ಕೂಗುತ್ತಿದ್ದರು.

ಹೊರಡುವಾಗ ಆ ಹಿರಿಯಳು ಲಾರಿಯ ಬಳಿ ಬಂದು ಮೆಲ್ಲಗೆ ಹೇಳಿದಳು: "ಅವಸರ ಮಾಡ್ಕೊಂಡು ಕಲೀಬೇಡಿ ಅಣ್ಣ. ಸಾವಕಾಶ ಕಲೀರಿ. ಸುಗ್ಗಿ ಮುಗಿಯೋ ತನಕ ಕಲೀರಿ."

ಬರ್ಲಿ, ಬರ್ಲಿ

ಮುಂದೆ ಓಡಿಸುವುದು ಒಂದು ಮಟ್ಟಿಗೆ ಬಂತು. ರಿವರ್ಸ್ ಬರಲಿಲ್ಲ. ಲಾರಿ ಹಿಂದಕ್ಕೆ ಹೋಗುವಾಗ ಬಲಕ್ಕೆ ತಿರುಗಿಸಿದರೆ ಅದರ ಬಾಲ ಎತ್ತ ಹೋಗುತ್ತದೆಂದು ಯೋಚಿಸಿ ತಿಳಿದುಕೊಳ್ಳುವ ಹೊತ್ತಿಗೆ ಅದು ಹೋಗಿಯಾಗಿರುತ್ತಿತ್ತು.

ಲೈಸೆನ್ಸ್ ಪರೀಕ್ಷೆಗೆ ಚಿಕ್ಕಮಗಳೂರಿಗೆ ಹೋದೆವು. ಇನ್‌ಸ್ಪೆಕ್ಟರು ಇಸ್ತ್ರಿ ಮಾಡಿದ ಬಟ್ಟೆಯ, ಗಂಭೀರ ಮನುಷ್ಯ. ಮುಂದೆ ಓಡಿಸಿದ್ದನ್ನು ನೋಡಿ ತಲೆಯಾಡಿಸಿದರು. ಆಮೇಲೆ ರಸ್ತೆ ಬದಿಯ ಎರಡು ಕಲ್ಲುಗಳನ್ನು ತೋರಿಸಿ, "ಇವುಗಳ ಮಧ್ಯೆ ಹಿಂದಕ್ಕೆ ತಂದು ನಿಲ್ಲಿಸಿ" ಎಂದು ಇಳಿದುಹೋದರು.

ನಮ್ಮ ಕಡೆ ಲಾರಿಯೊಂದು ಹಿಂದಕ್ಕೆ ಬರುತ್ತಿದ್ದರೆ ನೋಡಿದವರು ಸುಮ್ಮನೆ ಹೋಗುವುದಿಲ್ಲ. ಅದರ ಹಿಂದೆ ನಿಂತು ದಾರಿ ಹೇಳುವುದು ತಮ್ಮ ಕರ್ತವ್ಯ ಎಂದೇ ತಿಳಿದಿದ್ದಾರೆ. ನಾನು ರಿವರ್ಸ್ ಗೇರ್ ಹಾಕಿದ್ದೇ ತಡ, ಸೊಪ್ಪು ಮಾರುವವನು ಬುಟ್ಟಿ ಇಳಿಸಿದ. ಸೈಕಲ್ ಮೇಲೆ ಹೋಗುತ್ತಿದ್ದವನು ಸೈಕಲ್ ನಿಲ್ಲಿಸಿದ. ಬಸ್ಸಿಗೆ ಕಾಯುತ್ತಿದ್ದ ಮೇಷ್ಟ್ರೊಬ್ಬರು ಬಸ್ಸು ಬಿಟ್ಟು ಬಂದರು.

"ಬರ್ಲಿ, ಬರ್ಲಿ!"

"ಲೆಫ್ಟ್ ಹೊಡೀರಿ, ಲೆಫ್ಟ್!"

"ಲೆಫ್ಟ್ ಬೇಡ್ರೀ, ಸೀದಾ ಬರ್ಲಿ!"

"ಹೋಲ್ಡಾನ್, ನಿಲ್ಸಿ!"

ಯಾರ ಮಾತನ್ನೂ ತೆಗೆದುಹಾಕುವ ಸ್ವಭಾವ ನನ್ನದಲ್ಲ. ಎಲ್ಲರ ಮಾತನ್ನೂ ಸ್ವಲ್ಪ ಸ್ವಲ್ಪ ನಡೆಸಿಕೊಟ್ಟೆ. ಲಾರಿ ರಸ್ತೆಗೆ ಅಡ್ಡ ನಿಂತಿತು. ಎರಡೂ ಕಡೆ ಗಾಡಿಗಳು ಸೇರಿದವು.

ಇನ್‌ಸ್ಪೆಕ್ಟರು ಸ್ವಲ್ಪ ಹೊತ್ತು ತುಟಿ ಬಿಗಿಹಿಡಿದು ನೋಡಿದರು. ಆಮೇಲೆ ತಡೆಯಲಾಗಲಿಲ್ಲ. ಗುಂಪನ್ನು ಸರಿಸಿ ಹಿಂದೆ ಹೋಗಿ ನಿಂತು, ಎರಡೂ ಕೈ ಎತ್ತಿ, "ಎಲ್ಲ ಸುಮ್ನಿರಿ! ನನ್ನ ಕೈ ನೋಡಿ. ಬರ್ಲಿ... ಬರ್ಲಿ... ಬಲಕ್ಕೆ ಒಂಚೂರು... ಸಾಕು, ಬರ್ಲಿ!" ಎಂದು ಕೂಗತೊಡಗಿದರು. ಲಾರಿ ಎರಡು ಕಲ್ಲುಗಳ ನಡುವೆ ಗೆರೆ ಹೊಡೆದ ಹಾಗೆ ಬಂದು ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಇನ್‌ಸ್ಪೆಕ್ಟರು ಬೆವರು ಒರೆಸಿಕೊಂಡು ನನ್ನ ಕಾಗದಕ್ಕೆ ಸಹಿ ಹಾಕಿದರು. ನನಗೇ ನಂಬಿಕೆಯಾಗದೆ, "ಪಾಸಾ ಸಾರ್?" ಎಂದೆ.

"ಮತ್ತೇನು ಮಾಡ್ಲಿ? ರಿವರ್ಸ್ ತೆಗೆಸಿದ್ದು ನಾನು. ಫೇಲ್ ಮಾಡಿದ್ರೆ ನಾನೇ ಫೇಲ್."

ಎದುರಿನ ಲಾರಿ

ಲೈಸೆನ್ಸ್ ಬಂದ ಮೇಲೆ ಖಾಲಿ ಲಾರಿಯನ್ನು ಒಬ್ಬನೇ ಒಯ್ಯಲು ಅಪ್ಪಣೆ ಸಿಕ್ಕಿತು. ಮೊದಲ ಸಲ ಕಳಸದ ಕಡೆಯ ಒಂದು ತೋಟಕ್ಕೆ ಹೊರಟೆ. ಕಿರಿದಾದ ರಸ್ತೆ, ಎರಡೂ ಕಡೆ ಗುಡ್ಡ. ಉಸ್ತಾದರು ಒಂದೇ ಬುದ್ಧಿಮಾತು ಹೇಳಿದ್ದರು: "ಎದುರು ಹಾರ್ನ್ ಕೇಳಿದ್ರೆ ಅಗಲ ಇರೋ ಜಾಗ ನೋಡಿ ನಿಲ್ಲಿಸಿ. ಅವರು ಹೋಗಲಿ. ಅವಸರ ಬೇಡ."

ಒಂದು ತಿರುವಿನ ಹತ್ತಿರ ಹಾರ್ನ್ ಮಾಡಿದೆ. ಆಚೆಯಿಂದಲೂ ಹಾರ್ನ್ ಬಂತು. ದೊಡ್ಡ ಗಾಡಿಯೇ. ಪುಣ್ಯಕ್ಕೆ ಅಲ್ಲೇ ಅಗಲ ಜಾಗವಿತ್ತು, ನಿಲ್ಲಿಸಿದೆ. ಕಾದೆ. ಗಾಡಿ ಬರಲಿಲ್ಲ. ಪಾಪ, ಅವನೂ ನನ್ನಂತೆ ನಿಲ್ಲಿಸಿಕೊಂಡು ಕಾಯುತ್ತಿರಬಹುದು ಎನಿಸಿ, ನೀವೇ ಬನ್ನಿ ಎನ್ನುವಂತೆ ಮೆಲ್ಲಗೆ ಒಮ್ಮೆ ಹಾರ್ನ್ ಮಾಡಿದೆ. ಆಚೆಯಿಂದಲೂ ಅಷ್ಟೇ ಮೆಲ್ಲಗೆ ಉತ್ತರ ಬಂತು. ಒಳ್ಳೆಯ ಮನುಷ್ಯ, ಸಂಕೋಚದವನು. ನನಗೆ ಅವನ ಮೇಲೆ ಗೌರವ ಹುಟ್ಟಿತು. ಎಂಜಿನ್ ಆರಿಸಿದೆ.

ಹಿಂದಿನಿಂದ ಜೀಪೊಂದು ಬಂದು ನಿಂತಿತು. ಅದರಲ್ಲಿದ್ದ ಆ ಊರಿನ ಬೆಳೆಗಾರರೊಬ್ಬರು ಇಳಿದು ಬಂದರು. "ಎಂತ, ಕೆಟ್ಟು ನಿಂತಿದಾ?"

"ಇಲ್ಲ. ಎದುರಿಂದ ಲಾರಿ ಬರ್ತಾ ಇದೆ."

"ಎಲ್ಲಿ?"

ಹಾರ್ನ್ ಮಾಡಿ ಕೇಳಿಸಿದೆ. ಆಚೆಯವನೂ ಮಾಡಿದ. ಬೆಳೆಗಾರರು ಗುಡ್ಡದ ಕಡೆಗೊಮ್ಮೆ, ನನ್ನ ಕನ್ನಡಕದ ಕಡೆಗೊಮ್ಮೆ ನೋಡಿದರು. ಅವರ ಧ್ವನಿಯಲ್ಲಿ ಸ್ವಲ್ಪವೂ ಗೇಲಿ ಇರಲಿಲ್ಲ.

"ಓ, ಇದಾ? ನೀವು ಹೊರಡಿ ಮಾರಾಯ್ರೇ. ಗುಡ್ಡದೊಳಗಿನ ಈ ಲಾರಿ ನಮ್ಮಪ್ಪನ ಕಾಲದಿಂದ ಬರ್ತಾನೇ ಉಂಟು. ಇನ್ನೂ ಮುಟ್ಟಿಲ್ಲ."

ಚಾರ್ಮಾಡಿ

ಮೊದಲ ಮೋಡಗಳು ಕಂಡವು. ಸಾಹುಕಾರರು ಮಂಗಳೂರಿಗೆ ಕಾಫಿ ಲೋಡು ಮಾಡಿಸಿ, "ಈ ಸಲ ಇವರೇ ಇಳಿಸ್ಲಿ. ಆಗದಿದ್ರೆ ಈಗಲೇ ಹೇಳಿ. ಕೆಳಗಿನವನು ನಾಳೆಯೇ ಬರೋದಕ್ಕೆ ತಯಾರಿದ್ದಾನೆ" ಎಂದರು.

ಉಸ್ತಾದರು ಪಕ್ಕದಲ್ಲಿ ಕೂರುವುದೆಂದಾಯಿತು. ಅದು ನನಗೆ ಧೈರ್ಯವೂ ಹೌದು, ಹೆದರಿಕೆಯೂ ಹೌದು. ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಸುಮ್ಮನೆ ಕೂತವರಲ್ಲ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತರೂ ಬಲಗಾಲು ನೆಲ ಒತ್ತುತ್ತಿತ್ತು, ಬಾಯಿ "ಬ್ರೇಕ್, ಬ್ರೇಕ್" ಎನ್ನುತ್ತಿತ್ತು. ಈ ನಾಚಿಕೆಗೇ ಅವರ ಹೆಂಡತಿ ಅವರ ಜೊತೆ ಬಸ್ಸು ಹತ್ತುವುದನ್ನು ಬಿಟ್ಟಿದ್ದರು. ಸಾಹುಕಾರರಂತೂ ಒಮ್ಮೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು, ಅರ್ಧ ದಾರಿಯಲ್ಲಿ ಸ್ಟೀರಿಂಗನ್ನೇ ಅವರ ಕೈಗೆ ಕೊಟ್ಟಿದ್ದರು.

ಕೊಟ್ಟಿಗೆಹಾರದಲ್ಲಿ ತಿಂಡಿಗೆ ನಿಲ್ಲಿಸಿದೆವು. ನಾನು ನೀರುದೋಸೆ ಮುಟ್ಟದೆ ಲಾರಿಯ ಟೈರುಗಳನ್ನು ನೋಡಲು ಎದ್ದೆ. ನನ್ನ ತಟ್ಟೆಯನ್ನೂ ಉಸ್ತಾದರೇ ಖಾಲಿ ಮಾಡಿದರು.

ಘಾಟಿ ಶುರುವಾಯಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ನಾನು ಬಂಡೆಯ ಕಡೆ ಮಾತ್ರ ನೋಡುತ್ತ, ಪಕ್ಕಕ್ಕೆ ತಿರುಗಲು ಧೈರ್ಯವಿಲ್ಲದೆ, ಕೇಳುತ್ತ ಹೋದೆ.

"ಉಸ್ತಾದರೇ, ಸೆಕೆಂಡ್ ಗೇರಲ್ಲೇ ಇರ್ಲಾ?"

"ಹೂಂ."

"ಕೆಳಗಿಂದ ಬಸ್ಸು ಹತ್ತುತ್ತಾ ಇದೆ. ನಿಲ್ಲಿಸಿ ದಾರಿ ಕೊಡ್ಲಾ?"

"ಹೂಂ."

"ಈ ತಿರುವಿಗೆ ಫಸ್ಟ್‌ಗೇ ಇಳಿಸ್ತೀನಿ, ಆಗಬಹುದಾ?"

"ಹೂಂ."

ಬೈಯಲಿಲ್ಲ, ನೆಲ ಒತ್ತಲಿಲ್ಲ. ನಾನು ಕೇಳಿದ್ದಕ್ಕೆಲ್ಲ ಒಪ್ಪಿಗೆಯೇ. ಒಪ್ಪಿಗೆ ಸಿಕ್ಕಿದಂತೆಲ್ಲ ನನ್ನ ಕೈ ಸಡಿಲವಾಯಿತು. ವೇಗ ಮಾತ್ರ ಹೆಚ್ಚಲಿಲ್ಲ. ಹಿಂದೆ ಮದುವೆ ದಿಬ್ಬಣದ ವ್ಯಾನೊಂದು ಹಾರ್ನ್ ಮಾಡಿ ಮಾಡಿ ಸುಸ್ತಾಗಿತ್ತು. ಅಗಲವಾದ ಜಾಗ ಬಂದಾಗ ಬದಿಗೆ ಸರಿದು ದಾರಿ ಬಿಟ್ಟೆ. ಪೇಟ ಕಟ್ಟಿದ ಯಜಮಾನರೊಬ್ಬರು ಕಿಟಕಿಯಿಂದ ಅರ್ಧ ಹೊರಗೆ ಬಂದು ಕೂಗಿದರು: "ನಾವು ಹೊರಟಿದ್ದು ಮದುವೆಗೆ ಮಾರಾಯ್ರೇ! ನೀವು ನಾಮಕರಣಕ್ಕೆ ಮುಟ್ಟಿಸ್ತೀರಿ!"

"ಉಸ್ತಾದರೇ, ತೀರಾ ನಿಧಾನ ಆಯ್ತಾ?"

"ಹೂಂ."

ಕೊನೆಯ ತಿರುವು ಕಳೆಯಿತು. ಸೆಖೆ ಮುಖಕ್ಕೆ ಹೊಡೆಯಿತು. ತೆಂಗಿನ ಮರಗಳು ಕಂಡವು. ಸೋಡಾ ಅಂಗಡಿಯ ಮುಂದೆ ಬ್ರೇಕ್ ಒತ್ತಿ ಲಾರಿ ನಿಲ್ಲಿಸಿದೆ. ಆ ಜಗ್ಗಿಗೆ ಉಸ್ತಾದರ ತಲೆ ಬಾಗಿಲಿಗೆ ಬಡಿಯಿತು. ಅವರು ಕಣ್ಣು ಬಿಟ್ಟರು. ಬಾಯಿ ಒರೆಸಿಕೊಂಡು ಕೇಳಿದರು:

"ಎಂತ, ಕೊಟ್ಟಿಗೆಹಾರ ಬಿಟ್ಟಾಯ್ತಾ?"

ಅವರು ತೆಂಗಿನ ಮರಗಳನ್ನು ನೋಡಿದರು. ತಿರುಗಿ ಹಿಂದಿನ ಘಟ್ಟವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, ಇಳಿದು ಹೋಗಿ ಎರಡು ಸೋಡಾ ಹೇಳಿದರು. ಸ್ಟೀರಿಂಗಿನಿಂದ ನಾನು ಕೈ ತೆಗೆದದ್ದು ಆಗ.

ಮಂಗಳೂರಿನಲ್ಲಿ ಲೋಡು ಇಳಿಸಿ, ಹೆಂಚು ತುಂಬಿಕೊಂಡು ಹಿಂತಿರುಗಿದೆವು. ಸಾಹುಕಾರರು ಜಗಲಿಯಲ್ಲಿ ಕಾಯುತ್ತಿದ್ದರು. ನನ್ನನ್ನು ಕೇಳಲಿಲ್ಲ, ಉಸ್ತಾದರ ಕಡೆ ತಿರುಗಿದರು.

"ಘಾಟಿ ಹೇಗೆ ಇಳಿಸಿದ್ರು?"

ಉಸ್ತಾದರು ಮಂಡಿ ನೀವಿಕೊಳ್ಳುತ್ತ ನೆಲ ನೋಡಿದರು. "ಗೊತ್ತಿಲ್ಲ ಸಾಹುಕಾರ್ರೇ. ನಿದ್ದೆ ಬಂದುಬಿಟ್ಟಿತ್ತು."

"ನಿಮಗೆ? ಚಾರ್ಮಾಡೀಲಿ?"

"ಶುರುವಿಂದ ಕೊನೇ ತನಕ."

ನಾನು ತಂದು ಮೇಜಿನ ಮೇಲಿಟ್ಟಿದ್ದ ಲಾರಿಯ ಕೀಲಿಯನ್ನು ಸಾಹುಕಾರರು ನನ್ನ ಕಡೆ ತಳ್ಳಿದರು.

"ತಗೊಳ್ಳಿ. ಕೆಳಗಿನವನಿಗೆ ಬರೋದು ಬೇಡ ಅಂತ ಹೇಳಿಕಳಿಸ್ತೀನಿ. ನೀವು ಮಾತ್ರ ಎಚ್ಚರ ಇರಿ ಮಾರಾಯ್ರೇ. ನಿಮ್ಮ ಡ್ರೈವಿಂಗಿಗೆ ಯಾರಿಗಾದ್ರೂ ನಿದ್ದೆ ಬರೋ ಹಾಗಿದೆ."