ಮಾತಾಡದೆ ತಂದ ಮದ್ದು

ಸದಾಶಿವಗಡದ ತುಳಸಿದಾಸ ತಾಂಡೇಲನು ತನ್ನ ಆಯುಷ್ಯದಲ್ಲಿ ಒಂದೇ ಒಂದು ದೊಡ್ಡ ಕೆಲಸವನ್ನು ಮಾಡಿದ್ದನು. ಅದಕ್ಕೆ ಈಗ ಹನ್ನೊಂದು ವರ್ಷ. ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ಕುಡಿದ ಮದ್ಯವನ್ನು ಅವನು ನಲವತ್ತು ಸಂಜೆಗಳಲ್ಲಿ ಬಿಟ್ಟಿದ್ದನು. ದಿನವೂ ಐದು ಗಂಟೆಗೆ, ಕಾಲುಗಳು ತಾವಾಗಿಯೇ ಸೆರೆಯಂಗಡಿಯ ಕಡೆಗೆ ತಿರುಗುವ ಹೊತ್ತಿಗೆ ಸರಿಯಾಗಿ, ಅವನ ಹೆಂಡತಿ ಕಾಶಿ ಅವನನ್ನು ಸಣ್ಣ ದೋಣಿಯಲ್ಲಿ ಕೂರಿಸಿ, ಹುಟ್ಟುಗಳನ್ನು ತನ್ನಲ್ಲೇ ಇರಿಸಿಕೊಂಡು, ಉದ್ದನೆಯ ಹಗ್ಗ ಕಟ್ಟಿ, ಕಾಳಿ ನದಿಯ ನೀರಿಗೆ ನೂಕಿಬಿಡುತ್ತಿದ್ದಳು. ಊಟದ ಹೊತ್ತಿಗೆ ಹಗ್ಗ ಜಗ್ಗಿ ದಡಕ್ಕೆ ತರುತ್ತಿದ್ದಳು. ನಡುವಿನ ಹೊತ್ತನ್ನು ಅವನು ನಡುಗುತ್ತ, ಬೆವರುತ್ತ, ಕಂಡ ಮೀನುಗಳನ್ನೆಲ್ಲ ಬೈಯುತ್ತ ಕಳೆಯುತ್ತಿದ್ದನು. ಮೀನುಗಾರರ ಮನೆಯ ಮಗನಾದವನಿಗೆ ನೀರಿಗೆ ಹಾರಿ ಈಜಿ ಬರುವುದು ಹತ್ತು ನಿಮಿಷದ ಕೆಲಸ. ನಲವತ್ತು ಸಂಜೆಗಳಲ್ಲಿ ಒಂದು ಸಂಜೆಯೂ ಅವನು ಈಜಲಿಲ್ಲ. ಸಾಧನೆಯೆಂದರೆ ಅದು.

ಅಂಥ ಧೀರನನ್ನು ಮೊನ್ನೆ ಒಬ್ಬ ವೈದ್ಯರು ಒಂದೇ ಅಕ್ಷರದಿಂದ ಕೆಡವಿಬಿಟ್ಟರು. ಊರಿನಲ್ಲಿ ಉಚಿತ ತಪಾಸಣೆಯ ಶಿಬಿರ ನಡೆದಿತ್ತು. ವೈದ್ಯರು ತುಳಸಿದಾಸನ ಬಲ ಪಕ್ಕೆಲುಬಿನ ಕೆಳಗೆ ಎರಡು ಬೆರಳು ಒತ್ತಿ, ಕಣ್ಣು ಮುಚ್ಚಿ, "ಹ್ಞೂಂ" ಎಂದರು. ಆಮೇಲೆ ರಕ್ತ ತೆಗೆಸಿ, ಎರಡು ದಿನದ ನಂತರ ವರದಿ ಬರುವುದೆಂದು ಹೇಳಿ ಕಳುಹಿಸಿದರು. ಮನೆ ಮುಟ್ಟುವಷ್ಟರಲ್ಲಿ ಅವನು ಆ "ಹ್ಞೂಂ" ಎಂಬುದಕ್ಕೆ ಹತ್ತು ಅರ್ಥ ಹಚ್ಚಿದ್ದನು. ಕೆಮ್ಮಿದರೆ ಯಕೃತ್ತು ಹರಿಯಿತೆಂದು ಭಯ. ಕೆಮ್ಮದಿದ್ದರೆ ಅದು ಸದ್ದಿಲ್ಲದೆ ಕೊಳೆಯುತ್ತಿದೆಯೆಂದು ಭಯ. ಕಾಶಿಗೆ ಮಾತ್ರ ಏನನ್ನೂ ಹೇಳಲಿಲ್ಲ. ಹೆದರಿದ್ದೇನೆಂದು ಹೆಂಡತಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ.

ವರದಿ ಬರುವ ದಿನ ಬೆಳಗ್ಗೆ ಅವನು ನೆರೆಮನೆಯ ನಿವೃತ್ತ ಶಿಕ್ಷಕ ರವಿಕಿರಣ ಮಾಸ್ತರರ ಬಳಿ ಬಾಯಿಬಿಟ್ಟನು. ಮಾಸ್ತರರಿಗೆ ಗೊತ್ತಿಲ್ಲದ ಸಂಗತಿ ಜಗತ್ತಿನಲ್ಲಿ ಇರಲಿಲ್ಲ. ಇದ್ದರೂ ಅವರಿಗೆ ಅದು ಗೊತ್ತಿರಲಿಲ್ಲ.

"ನೋಡು ತುಳಸಿದಾಸ, ಲಿವರ್ ಅಂದ್ರೆ ದೋಣಿಯ ಕಬ್ಬಿಣದ ಮೊಳೆ. ಸೆರೆ ಅಂದ್ರೆ ಉಪ್ಪುನೀರು. ಮೊಳೆಗೆ ತುಕ್ಕು ಹಿಡೀತದೆ. ಈ ಗಿಡಗಂಟಿಯೊಳಗೆ ಆಂಟಿಆಕ್ಸಿಡೆಂಟ್ ಅಂತ ಒಂದು ಉಂಟು. ಅದು ಮೊಳೆಗೆ ಬಣ್ಣ ಬಳಿದ ಹಾಗೆ. ನೆಲನೆಲ್ಲಿ, ಮುರುಗಲು, ಅರಿಶಿನ, ಎಲ್ಲದರಲ್ಲೂ ಅದೆ. ಕುಡುಕ ಇಲಿಗಳ ಮೇಲೆ ಪರೀಕ್ಷೆ ಮಾಡಿ ಪೇಪರಿನಲ್ಲಿ ಬರೆದಿದ್ದಾರೆ."

"ಇಲಿಗೆ ಗುಣ ಆಯ್ತಾ ಮಾಸ್ತರೆ?"

"ಆಯ್ತು."

"ಆ ಇಲಿ ಎಷ್ಟ್ ವರ್ಷ ಕುಡೀತಿತ್ತು?"

"ಅದನ್ನ ಬರೀಲಿಲ್ಲ," ಎಂದು ಮಾಸ್ತರರು ಸ್ವಲ್ಪ ಬೇಸರದಿಂದಲೇ ಒಪ್ಪಿಕೊಂಡರು.

ಬಲೆಗೆ ನೂಲು ತರುತ್ತೇನೆಂದು ಕಾಶಿಗೆ ಹೇಳಿ, ತುಳಸಿದಾಸನು ಅಂಕೋಲೆಯ ದಾರಿ ಹಿಡಿದು ಅವರ್ಸಾದಲ್ಲಿ ಇಳಿದನು. ಅಲ್ಲಿಯ ಸೋಮು ಗೌಡರು ನೆಲನೆಲ್ಲಿಯ ಮದ್ದು ಕೊಡುವವರೆಂದು ಹೆಸರಾಗಿದ್ದರು. ಅವರು ರೋಗಿಯ ಕಣ್ಣು ನೋಡಿದರು, ನಾಲಗೆ ನೋಡಿದರು, ಒಂದು ಮಾತೂ ಆಡದೆ ಹಿತ್ತಿಲಿಗೆ ಹೋಗಿ ಸೊಪ್ಪು ತಂದು ಅರೆದು ರಸ ಹಿಂಡಿದರು. ರಸ ತುಂಬಿಕೊಳ್ಳಲು ತುಳಸಿದಾಸನು ಪಾತ್ರೆಯನ್ನೇ ತಂದಿರಲಿಲ್ಲ. ಗೌಡರ ಸೊಸೆ ಬೇಲಿಯಾಚೆ ಯಾರೋ ಎಸೆದುಹೋಗಿದ್ದ ಬಾಟಲಿಯೊಂದನ್ನು ಹೆಕ್ಕಿ, ಮೂರು ಸಲ ತೊಳೆದು, ರಸವನ್ನು ಅದಕ್ಕೆ ಸುರಿದು ಕೈಗಿತ್ತಳು.

"ಮದ್ದಿಗೆ ದುಡ್ಡು ಮುಟ್ಟೂದಿಲ್ಲ," ಎಂದರು ಗೌಡರು. "ಆದ್ರೆ ಕಟ್ಳೆ ಅದೆ. ಕೈಗೆ ಬಂದ ಮೇಲೆ ನಿಮ್ಮನೆ ತುಳಸಿಕಟ್ಟೆ ಮುಟ್ಟೂವರೆಗೂ ನೆಲಕ್ಕೆ ಇಡಬೇಡ, ಬಾಯ್ ತೆರೀಬೇಡ. ತೆರದ್ಯೋ, ಮದ್ದಿನ ಗುಣ ಗಾಳಿಗೆ ಹೋತದೆ."

ಆಗ ತುಳಸಿದಾಸನು ಕೈಯಲ್ಲಿದ್ದುದನ್ನು ನೋಡಿದನು. ಅದು ಬ್ರಾಂದಿಯ ಚಪ್ಪಟೆ ಬಾಟಲಿ. ಅರ್ಧ ಹರಿದ ಚೀಟಿಯ ಮೇಲೆ ಕುದುರೆಯೊಂದು ಕೆನೆಯುತ್ತಿತ್ತು. ಕಂದು ಗಾಜಿನೊಳಗೆ ಸೊಪ್ಪಿನ ರಸವೂ ಬ್ರಾಂದಿಯಂತೆಯೇ ತುಳುಕುತ್ತಿತ್ತು. 'ಬೇರೆ ಬಾಟಲಿ ಕೊಡಿ' ಎನ್ನಲು ಬಾಯಿ ತೆರೆಯಹೊರಟವನು, ಯಕೃತ್ತು ನೆನಪಾಗಿ, ಹಲ್ಲುಗಳನ್ನು ಬಾಗಿಲ ಅಗುಳಿಯಂತೆ ಬಿಗಿದುಕೊಂಡನು.

ಬಸ್ಸು ತುಂಬಿತ್ತು. ಬಾಟಲಿಯನ್ನು ಎರಡೂ ಕೈಗಳಿಂದ ಎದೆಗವಚಿಕೊಂಡವನಿಗೆ ಕಂಬಿ ಹಿಡಿಯಲು ಕೈ ಉಳಿಯಲಿಲ್ಲ. ತಿರುವಿಗೊಮ್ಮೆ ಒಬ್ಬರ ಮಡಿಲಿಗೆ, ಬ್ರೇಕಿಗೊಮ್ಮೆ ಮತ್ತೊಬ್ಬರ ಹೆಗಲಿಗೆ ಅವನು ಬೀಳುತ್ತಿದ್ದನು. 'ತಪ್ಪಾಯಿತು' ಎನ್ನುವ ಹಾಗೂ ಇರಲಿಲ್ಲ.

"ಎಲ್ಲಿಗಾ?" ಎಂದನು ಕಂಡಕ್ಟರ್ ಜಟ್ಟು.

ತುಳಸಿದಾಸನು ಗದ್ದವನ್ನು ಮೇಲಕ್ಕೆತ್ತಿ ಸದಾಶಿವಗಡದ ಗುಡ್ಡವಿರುವ ದಿಕ್ಕನ್ನು ಸೂಚಿಸಿದನು.

"ಸ್ವರ್ಗಕ್ಕೆ ಟಿಕೆಟ್ ಇಲ್ಲಾ ಮಾರಾಯಾ. ಕಾರವಾರದವರೆಗೆ ಕೊಡ್ತೆ, ಮುಂದಿಂದು ನಿನ್ನ ಬಾಟ್ಲಿನೇ ನೋಡ್ಕಳ್ತದೆ."

ಬಸ್ಸೆಲ್ಲ ನಕ್ಕಿತು. ಅವಮಾನಕ್ಕೆ ಅವನ ಕಣ್ಣುಗಳು ಕೆಂಪಾದವು. ಕುಡುಕನ ಲಕ್ಷಣಗಳಲ್ಲಿ ಇಷ್ಟು ಹೊತ್ತು ಅದೊಂದೇ ಕಡಿಮೆಯಿತ್ತು.

ಬಿಣಗಾದಲ್ಲಿ ಕಿಶನ ಹತ್ತಿದನು. ಕುಡಿತದ ಆ ಇಪ್ಪತ್ತು ವರ್ಷಗಳ ಜತೆಗಾರ. ತುಳಸಿದಾಸನು ಕುಡಿತ ಬಿಟ್ಟದ್ದನ್ನು ಅವನು ಹನ್ನೊಂದು ವರ್ಷದಿಂದಲೂ ಸ್ವಂತ ನಷ್ಟವೆಂದೇ ಭಾವಿಸಿದ್ದನು. ಬಾಟಲಿಯನ್ನು ಕಂಡು ಅವನ ಮುಖ ಹುಣ್ಣಿಮೆಯ ಕಡಲಾಯಿತು.

"ಅರೆ ತುಳಶಿದಾಸಾ! ಕಡೀಗೂ ದಾರಿಗೆ ಬಂದ್ಯನಾ! ನಿನ್ನ ಗ್ಲಾಸು ಇನ್ನೂ ತೊಳ್ದು ಕವುಚಿಟ್ಟಿದ್ದೆ ಮಾರಾಯಾ!"

ತುಳಸಿದಾಸನು ಅಲ್ಲ ಅಲ್ಲವೆಂದು ತಲೆಯಾಡಿಸಿದನು.

"ತಲೆ ತಿರಗ್ತದಾ? ಹೊಸ್ತಾಗಿ ಶುರು ಮಾಡ್ದಾಗ ಹಾಂಗೇ. ಎರಡ್ ದಿನಕ್ಕೆ ಸರಿ ಆಗ್ತದೆ," ಎಂದು ಸಮಾಧಾನ ಹೇಳಿ, ಕಿಶನನು ಮೊಬೈಲ್ ತೆಗೆದು ಒಬ್ಬೊಬ್ಬರಿಗೇ ಶುಭವಾರ್ತೆ ತಿಳಿಸತೊಡಗಿದನು.

ತುಳಸಿದಾಸನಿಗೆ ಜೀವ ಹಾರಿದಂತಾಯಿತು. ಕುಡಿತ ಬಿಟ್ಟ ದಿನವೇ ಕಾಶಿ ಒಂದು ಮಾತು ಹೇಳಿದ್ದಳು: "ಇನ್ನೊಂದ್ ಸಲ ಮುಟ್ಟಿದ್ರೆ ನಾ ಅಂಕೋಲೆಗೆ, ಅಣ್ಣನ ಮನೆಗೆ. ತಿರುಗಿ ಬರೂದಿಲ್ಲ." ಕಾಶಿ ಎಂದೂ ಒಂದೇ ಮಾತನ್ನು ಎರಡು ಸಲ ಹೇಳಿದವಳಲ್ಲ. 'ಇದು ಮದ್ದು' ಎಂಬ ಎರಡು ಪದ ಸಾಕಿತ್ತು, ಹೆಂಡತಿ ಉಳಿಯುತ್ತಿದ್ದಳು. ಆದರೆ ಯಕೃತ್ತು ಹೋಗುತ್ತಿತ್ತು. ಹೆಂಡತಿಯಿಲ್ಲದ ಯಕೃತ್ತೋ, ಯಕೃತ್ತಿಲ್ಲದ ಹೆಂಡತಿಯೋ? ಕಾರವಾರದಲ್ಲಿ ಇಳಿದು, ನಡೆದು ಕಾಳಿ ಸೇತುವೆಯನ್ನು ದಾಟುವವರೆಗೂ ಈ ಲೆಕ್ಕ ಅವನಿಗೆ ಬಿಡಿಸಲಾಗಲಿಲ್ಲ.

ಅವನ ಅಂಗಳದಲ್ಲಿ ಕೇರಿಗೆ ಕೇರಿಯೇ ನೆರೆದಿತ್ತು. ಬೇಲಿಯ ಬಾಗಿಲಾದ ದಣಪೆಗೆ ಅಡ್ಡವಾಗಿ ಕಾಶಿ ನಿಂತಿದ್ದಳು. ಕಾಲ ಬಳಿ ಬಟ್ಟೆ ತುಂಬಿದ ಚೀಲ. ಅವಳು ಕೂಗಾಡಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಬಾಯ್ ಬಿಡಿ. ವಾಸ್ನೆ ನೋಡ್ತೆ."

ಅವನು ತುಟಿಗಳನ್ನು ಮತ್ತಷ್ಟು ಬಿಗಿದನು.

"ನೋಡಿ, ನೋಡಿ! ಬಿಡೂಕೇ ತಯಾರಿಲ್ಲ!" ಎಂದು ಯಾರೋ ಹಿಂದಿನಿಂದ ಹುಳಿ ಹಿಂಡಿದರು.

"ಹನ್ನೊಂದ್ ವರ್ಷ," ಎಂದಳು ಕಾಶಿ, ದನಿ ಒಡೆದು. "ನಾ ಊರೆಲ್ಲ ಹೇಳ್ಕಂಡ್ ತಿರಗ್ತಿದ್ದೆ, ನಮ್ಮನೆಯವ್ರು ಬಿಟ್ರು ಅಂತ."

ಅವಳು ಚೀಲವೆತ್ತಲು ಬಗ್ಗಿದಳು. ಆ ಒಂದು ಕ್ಷಣದಲ್ಲಿ ತುಳಸಿದಾಸನು ನುಸುಳಿ ಒಳನುಗ್ಗಿ, ಬಾಟಲಿಯನ್ನು ತುಳಸಿಕಟ್ಟೆಯ ಮೇಲೆ ಕುಕ್ಕಿ, ಬಾಯಿ ತೆರೆದನು. ಅವರ್ಸಾದಿಂದ ತಡೆದಿಟ್ಟ ಮಾತುಗಳೆಲ್ಲ ಒಡ್ಡು ಒಡೆದ ನೀರಿನಂತೆ ಒಂದರ ಮೇಲೊಂದು ಬಿದ್ದು ಬಂದವು: "ಕುಡೀಲಿಲ್ಲಮದ್ದುಸೋಮುಗೌಡ್ರುನೆಲನೆಲ್ಲಿಇಲಿತುಕ್ಕುಕಾಶೀ!"

"ಪಾಪ, ನಾಲಗೆ ಹೊರಳ್ತಿಲ್ಲ," ಎಂದನು ಕಿಶನ.

ಕಾಶಿ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಮೂರು ತೊಳೆತಕ್ಕೂ ಜಗ್ಗದ ಬ್ರಾಂದಿಯ ನಾತ ಸುರುಳಿ ಬಿಚ್ಚಿದ ಹಾವಿನಂತೆ ತಲೆಯೆತ್ತಿತು. ಅವಳು ಚೀಲವನ್ನು ಹೆಗಲಿಗೇರಿಸಿದಳು.

ಆ ಹೊತ್ತಿಗೆ ಸರಿಯಾಗಿ ಮನಿಷಾ ಬಂದಳು. ಕಾರವಾರದ ರಕ್ತಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುವ ಅದೇ ಕೇರಿಯ ಹುಡುಗಿ. "ಕಾಕಾ, ನಿಮ್ಮ ರಿಪೋರ್ಟ್! ಲಿವರ್ ಏಕದಂ ಚಂದ ಅದೆ. ಎಂತದೂ ಆಗ್ಲಿಲ್ಲ."

"ಮತ್ತೆ ಡಾಕ್ಟ್ರು 'ಹ್ಞೂಂ' ಅಂದ್ರಲ್ಲೇ?"

"ಅವ್ರು ಎಲ್ಲರಿಗೂ ಹಾಂಗೇ ಅಂತಾರೆ ಕಾಕಾ."

ತುಳಸಿದಾಸನು ಕಟ್ಟೆಗೊರಗಿ ಮಗುವಿನಂತೆ ಅತ್ತನು. ಅಳುತ್ತಲೇ, ಈ ಸಲ ಪದ ಬಿಡಿಸಿ, ಎಲ್ಲವನ್ನೂ ಹೇಳಿದನು. ಕಾಶಿ ಕಾಗದವನ್ನು ನೋಡಿದಳು, ಬಾಟಲಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಚೀಲವನ್ನು ಒಳಗೆ ಒಯ್ದಿಟ್ಟಳು, ಆದರೆ ಬಿಚ್ಚಲಿಲ್ಲ.

ಎಲ್ಲವೂ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕಿಶನನು ಆ ವರದಿಯನ್ನು ಬೇರೆಯೇ ರೀತಿಯಲ್ಲಿ ಓದಿದ್ದನು.

"ಅಂದ್ರೆ ಎಂತಾ ಆಯ್ತು? ಇಂವ ಕುಡ್ದದ್ದು ಬಸ್ಸಲ್ಲಿ ಎಲ್ಲಾರೂ ಕಂಡಾರೆ. ಲಿವರ್ ಮಾತ್ರ ಏಕದಂ ಚಂದ! ಎಲ್ಲಾ ಈ ಬಾಟ್ಲಿ ಗುಣ!"

"ಆ ಮದ್ದು ನಾನಿನ್ನೂ ಒಂದ್ ಹನಿ ಕುಡೀಲಿಲ್ವೋ!" ಎಂದು ತುಳಸಿದಾಸನು ಕೂಗಿದನು. "ರಕ್ತ ತೆಗ್ದದ್ದು ಮೊನ್ನೆ!"

"ಕುಡೀದೆ ಬರೇ ಎದೆಗವಚ್ಕಂಡ್ ಬಂದದ್ದಕ್ಕೇ ಇಷ್ಟ್ ಗುಣ ಆದ್ರೆ, ಕುಡದ್ರೆ ಎಷ್ಟಾಗ್ಬೇಡ!"

"ಇಲಿಗಳಲ್ಲೂ ಹೀಗೇ ಆಗಿದೆ," ಎಂದು ರವಿಕಿರಣ ಮಾಸ್ತರರು ಬೇಲಿಯ ಆಚೆಯಿಂದ ಅನುಮೋದಿಸಿದರು.

"ಮಾಸ್ತರೆ, ಇಲಿ ಬೇರೆ ಮನುಷ್ಯ ಬೇರೆ," ಎಂದಳು ಮನಿಷಾ. "ದಿನಾ ಕೊಡಲಿ ಏಟು ಹಾಕ್ತಾ ಇದ್ರೆ ಮೇಲಿಂದ ಬಣ್ಣ ಬಳ್ದು ದೋಣಿ ಉಳೀತದಾ? ಕುಡಿಯೂದು ಬಿಡೂದೊಂದೇ ಮದ್ದು."

ಅವಳ ಮಾತು ಮುಗಿಯುವಷ್ಟರಲ್ಲಿ ಬಾಟಲಿ ಕೈಯಿಂದ ಕೈಗೆ ದಾಟಿ ಬರಿದಾಗಿತ್ತು. ಕೇರಿಯ ಕುಡುಕರೆಲ್ಲ ಒಂದೊಂದು ಗುಟುಕು ಕುಡಿದು, ಮುಖ ಕಿವುಚಿ, ಸಂಜೆಯ ಪಾನಕ್ಕೆ ಪರವಾನಗಿ ಸಿಕ್ಕವರಂತೆ ಎದ್ದರು. ಹೋಗುವ ಮುನ್ನ ಒಬ್ಬೊಬ್ಬರೂ ತುಳಸಿದಾಸನ ಕಾಲು ಮುಟ್ಟಿ ನಮಸ್ಕರಿಸಿದರು.

ಕೊನೆಗೆ ಬಗ್ಗಿದವನು ಕಿಶನನ ಮಗ ನಿತೇಶ. ಇಪ್ಪತ್ತೊಂದರ ಹರೆಯ. ಕಾಲು ಮುಟ್ಟಿದ ಆ ಬೆರಳುಗಳು ಸಣ್ಣಗೆ ನಡುಗುತ್ತಿದ್ದುದು ತುಳಸಿದಾಸನಿಗೆ ತಿಳಿಯಿತು. ಆ ನಡುಕವನ್ನು ಅವನು ಬಲ್ಲನು. ಅದು ಅವನದೇ ನಡುಕ. ದಿನವಿಡೀ ಕಾಡಿದ ಹೆದರಿಕೆಗಳೆಲ್ಲ ಇದರ ಮುಂದೆ ಸಣ್ಣವಾದವು. ಅವನು ಹುಡುಗನ ರಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರಿಸಿ, ತನ್ನ ಜೀವಮಾನದ ಕತೆಯನ್ನು ಹೇಳಿದನು: ಕುಡಿದ ಇಪ್ಪತ್ತು ವರ್ಷ, ದೋಣಿಯ ನಲವತ್ತು ಸಂಜೆ, ಕಾಶಿಯ ಕೈಯ ಹಗ್ಗ, ಈಜದೆ ಉಳಿದ ನೀರು, ಇವತ್ತಿನ ವರದಿ. ಒಂದನ್ನೂ ಬಿಡಲಿಲ್ಲ. ನಿತೇಶನು ರೆಪ್ಪೆ ಬಡಿಯದೆ ಕೇಳಿದನು.

"ಮಾಮಾ," ಎಂದನು ಕಡೆಗೆ, ಭಕ್ತಿಯಿಂದ. "ಇನ್ನೊಂದ್ ಸಲ ಹೇಳಿ."

ತುಳಸಿದಾಸನು ಉತ್ಸಾಹದಿಂದ ಹುಡುಗನ ಪಕ್ಕಕ್ಕೆ ಸರಿದು ಕೂತನು. "ದಿನಾ ಸಂಜೆ ಐದ್ ಗಂಟೆಗೆ, ಕಾಶಿ ನನ್ನ ದೋಣೀಲಿ ಕೂರ್ಸಿ..."

"ಅದಲ್ಲ ಮಾಮಾ, ಅದರ ಹಿಂದಿಂದು. ಇಪ್ಪತ್ ವರ್ಷ, ಒಂದ್ ದಿನಾನೂ ತಪ್ಪದೆ ಕುಡ್ದು, ಲಿವರ್ ಏಕದಂ ಚಂದ ಅಂದ್ರಲ್ಲ, ಅಷ್ಟನ್ನೇ ಇನ್ನೊಂದ್ ಸಲ ಹೇಳಿ."